ಎಲ್ಲರ ಪೆಟ್ಟಿಗೆಯಲ್ಲಿ ಒಬ್ಬರ ಪತ್ರ



ಯಾವುದೇ ಧರ್ಮಕೇಂದ್ರದ ಕಚೇರಿಯ ಕಪಾಟನ್ನು ತೆರೆದು ನೋಡಿ, ಅಲ್ಲಿ ಎರಡು ಬಗೆಯ ಕಾಗದಗಳಿರುತ್ತವೆ. ಒಂದು ಬಗೆ ಎಂದೆಂದಿಗೂ ಉಳಿಯಬೇಕಾದದ್ದು. ಇನ್ನೊಂದು ಬಗೆ ಕೆಲಸ ಮುಗಿದ ಮೇಲೆ ಇಲ್ಲವಾಗಬೇಕಾದದ್ದು. ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳು ಮೊದಲನೆಯ ಬಗೆಗೆ ಸೇರಿದವು. ಇವನ್ನು ಪ್ರತಿಯೊಂದು ಧರ್ಮಕೇಂದ್ರವೂ ಇಟ್ಟುಕೊಳ್ಳಬೇಕು, ಸರಿಯಾಗಿ ಬರೆಯಬೇಕು, ಜೋಪಾನವಾಗಿ ಕಾಯಬೇಕು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿ ಹೇಳುತ್ತದೆ. ಅದರಲ್ಲಿ ಒಂದು ಹೆಸರು ತಪ್ಪಾಗಿ ಬಿದ್ದಿದ್ದರೂ ಗೀಚಿ ಅಳಿಸುವಂತಿಲ್ಲ. ಪಕ್ಕದ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಹಾಕುತ್ತೇವೆ.

ಎರಡನೆಯ ಬಗೆಯವು ಬಡ ಕುಟುಂಬಗಳ ಸಹಾಯದ ಅರ್ಜಿಗಳು, ಗಂಡ ಹೆಂಡಿರ ಜಗಳದ ಬಗ್ಗೆ ಬರೆದುಕೊಂಡ ಪತ್ರಗಳು, ಆಸ್ಪತ್ರೆಯ ಚೀಟಿಗಳ ಪ್ರತಿಗಳು, ಸಾಲದ ವಿವರಗಳು. ನಂಬಿಕೆಯಿಂದ ನಮ್ಮ ಕೈಗೆ ಕೊಟ್ಟವು ಇವು. ಕೆಲಸ ಆದ ಮೇಲೆ ಇವನ್ನು ಹಿಂದೆ ಕೊಡಬೇಕು, ಇಲ್ಲವೇ ಸುಟ್ಟುಬಿಡಬೇಕು. ಹಿಂದಿನ ಗುರುಗಳು ಹಾಗೆಯೇ ಮಾಡುತ್ತಿದ್ದರು. ಅಡುಗೆ ಮನೆಯಲ್ಲಿ ಸೌದೆಯ ಒಲೆ ಇದ್ದ ಕಾಲ. ಒಂದು ಕಾಗದವನ್ನು ಇಲ್ಲವಾಗಿಸಲು ಅರ್ಧ ನಿಮಿಷ ಸಾಕಾಗುತ್ತಿತ್ತು.

ಈಗ ಈ ಎರಡೂ ಬಗೆಯವು ಕಂಪ್ಯೂಟರಿನೊಳಗೆ ಬಂದು ಕುಳಿತಿವೆ. ಉಳಿಸುವುದು ಸುಲಭವಾಗಿದೆ, ಅಳಿಸುವುದು ಕಷ್ಟವಾಗಿದೆ. ಇದನ್ನು ನಾನು ಕಲಿತದ್ದು ಒಂದೇ ಒಂದು ಇ-ಮೇಲ್ ಪತ್ರದಿಂದ. ಆ ಪತ್ರ ಬರೆದ ಮನೆಯವರು ಈ ಲೇಖನವನ್ನು ಓದಿ, ಅಚ್ಚಿಗೆ ಕೊಡಬಹುದು ಎಂದ ಮೇಲೆಯೇ ಕೊಡುತ್ತಿದ್ದೇನೆ. ಅವರ ಹೆಸರು, ಊರು, ಕಾಯಿಲೆ ಯಾವುದೂ ಇಲ್ಲಿ ಇಲ್ಲ.

ನಮ್ಮ ಗಡಿನಾಡಿನ ಧರ್ಮಕೇಂದ್ರಗಳ ಕಚೇರಿಗೆ ಪತ್ರಗಳು ಮೂರು ನಾಲ್ಕು ಭಾಷೆಗಳಲ್ಲಿ ಬರುತ್ತವೆ. ಪಂಚಾಯತಿನಿಂದ ಮಲಯಾಳದಲ್ಲಿ, ಧರ್ಮಪ್ರಾಂತ್ಯದಿಂದ ಕನ್ನಡ ಮತ್ತು ಇಂಗ್ಲಿಷಿನಲ್ಲಿ, ವಾಳೆಯ ಗುರಿಕಾರರಿಂದ ಕೊಂಕಣಿಯಲ್ಲಿ. ಒಬ್ಬರೇ ಎಲ್ಲವನ್ನೂ ಓದಿ ಉತ್ತರಿಸಲು ಆಗದು. ಆದ್ದರಿಂದ ನಾನು ಸೇವೆಯಲ್ಲಿದ್ದ ಒಂದು ಕಡೆ, ನಾನು ಬರುವುದಕ್ಕೆ ಕೆಲವು ವರ್ಷ ಮೊದಲೇ, ಒಂದು ಜಂಟಿ ಫೋಲ್ಡರ್ ಮಾಡಿದ್ದರು. ಧರ್ಮಕೇಂದ್ರದ ವಿಳಾಸಕ್ಕೆ ಬಂದ ಪತ್ರಗಳೆಲ್ಲ ತಾವಾಗಿ ಆ ಫೋಲ್ಡರಿಗೆ ಬಂದು ಬೀಳುತ್ತಿದ್ದವು. ಅದನ್ನು ನೋಡುವವರು ಐವರು. ನಾನು, ಕಚೇರಿಯ ಸಹಾಯಕಿ, ಪಾಲನಾ ಮಂಡಳಿಯ ಕಾರ್ಯದರ್ಶಿ, ಕ್ರೈಸ್ತ ಶಿಕ್ಷಣ ನೋಡಿಕೊಳ್ಳುವ ಸಿಸ್ಟರ್ ಮತ್ತು ಸಂತ ವಿನ್ಸೆಂಟ್ ಪೌಲ್ ಸಭೆಯ ಅಧ್ಯಕ್ಷರು. ವ್ಯವಸ್ಥೆ ಚೆನ್ನಾಗಿಯೇ ಇತ್ತು. ಯಾವ ಪತ್ರಕ್ಕೂ ಉತ್ತರ ತಪ್ಪುತ್ತಿರಲಿಲ್ಲ.

ಒಂದು ದಿನ ಒಬ್ಬ ತಂದೆ, ಮಗಳ ಚಿಕಿತ್ಸೆಗೆ ಸಹಾಯ ಕೇಳಿ ಆ ವಿಳಾಸಕ್ಕೆ ಪತ್ರ ಬರೆದರು. ಜೊತೆಗೆ ಆಸ್ಪತ್ರೆಯ ವರದಿ, ರೇಷನ್ ಕಾರ್ಡ್, ಬ್ಯಾಂಕಿನ ಪಾಸ್‌ಬುಕ್ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳುಹಿಸಿದ್ದರು. ಚರ್ಚಿನ ಪ್ರಕಟಣೆ ಹಾಳೆಯ ಕೆಳಗೆ ಅಚ್ಚಾಗಿದ್ದ ವಿಳಾಸ ಅದು. ಅದನ್ನು ಗುರುಗಳೊಬ್ಬರೇ ನೋಡುತ್ತಾರೆ ಎಂದು ಅವರು ಎಣಿಸಿದ್ದು ಸಹಜ. ಸಹಾಯವೂ ಸಿಕ್ಕಿತು. ಕೆಲವು ವಾರಗಳ ನಂತರ ಭಾನುವಾರದ ಬಲಿಪೂಜೆ ಮುಗಿದ ಮೇಲೆ, ಸಿಸ್ಟರ್ ಆ ಹುಡುಗಿಯನ್ನು ಅಂಗಳದಲ್ಲಿ ಕಂಡು, “ಈಗ ಹೇಗಿದ್ದೀ ಮಗಾ? ಮದ್ದು ಸರಿಯಾಗಿ ತೆಗೆದುಕೊಳ್ಳುತ್ತೀಯಲ್ಲ?” ಎಂದು ಕೇಳಿದರು. ಕೇಳಿದ್ದು ಪ್ರೀತಿಯಿಂದಲೇ. ಆದರೆ ಆ ಹುಡುಗಿ ತನ್ನ ಕಾಯಿಲೆಯ ವಿಷಯವನ್ನು ಸಿಸ್ಟರಿಗೆ ಹೇಳಿರಲಿಲ್ಲ. ಪಕ್ಕದಲ್ಲಿ ಬೇರೆಯವರೂ ನಿಂತಿದ್ದರು. ಮನೆಯಲ್ಲಿ ಅವಳ ಮದುವೆಯ ಮಾತುಕತೆ ಆಗಷ್ಟೇ ಶುರುವಾಗಿತ್ತು.

ಅದೇ ಸಂಜೆ ತಂದೆ ಬಂದರು. ಸಿಟ್ಟು ಮಾಡಲಿಲ್ಲ. “ಫಾದರ್, ನಾನು ಬರೆದದ್ದು ನಿಮಗೆ. ಅದನ್ನು ಐದು ಜನ ಓದ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಸಹಾಯ ಮಾಡಿದ್ದೀರಿ, ದೇವರು ಒಳ್ಳೆಯದು ಮಾಡಲಿ. ಆ ಕಾಗದ ಒಂದನ್ನು ಅಲ್ಲಿಂದ ತೆಗೆದುಬಿಡಿ,” ಎಂದರು. ಅವರು ಕೇಳಿದ್ದು ನ್ಯಾಯವಾದದ್ದೇ. ಯಾರ ಒಳ್ಳೆಯ ಹೆಸರಿಗೂ ಅನ್ಯಾಯವಾಗಿ ಕುಂದು ತರಬಾರದು, ಯಾರ ಖಾಸಗಿ ಬದುಕಿನ ಹಕ್ಕಿಗೂ ಧಕ್ಕೆ ತರಬಾರದು ಎಂದು ಧರ್ಮಸಭೆಯ ಕಾನೂನಿನ 220ನೇ ವಿಧಿ ಹೇಳುತ್ತದೆ. ನಮ್ಮ ದೇಶದ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ, ತನ್ನ ವಿವರಗಳನ್ನು ಅಳಿಸಿ ಎಂದು ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. “ನಾಳೆಯೇ ತೆಗೆಯುತ್ತೇವೆ,” ಎಂದು ಮಾತು ಕೊಟ್ಟೆ.

ಮಾರನೆಯ ದಿನ ಕಚೇರಿಯ ಸಹಾಯಕಿ ಆ ಪತ್ರವನ್ನು ಆರಿಸಿ ಡಿಲೀಟ್ ಒತ್ತಿದರು. ಪತ್ರ ಮಾಯವಾಯಿತು. ಒಂದು ನಿಮಿಷದಲ್ಲಿ ಮತ್ತೆ ಅಲ್ಲೇ ಬಂದು ಕುಳಿತಿತು. ಮತ್ತೆ ಒತ್ತಿದರು, ಮತ್ತೆ ಬಂತು. ಕಂಪ್ಯೂಟರನ್ನು ಆರಿಸಿ ಪುನಃ ಹಾಕಿದರು. ಪತ್ರ ಇದ್ದಲ್ಲಿಯೇ ಇತ್ತು. ಸಿಸ್ಟರ್ ತಮ್ಮ ಕಂಪ್ಯೂಟರಿನಲ್ಲಿ ಪ್ರಯತ್ನಿಸಿದರು. ಕಾರ್ಯದರ್ಶಿಯವರೂ ಪ್ರಯತ್ನಿಸಿದರು. ಮೂರನೆಯ ದಿನ ಇನ್ನೊಂದು ಸಮಸ್ಯೆ ಎದ್ದಿತು. ಸಹಾಯಕಿಯ ಪೆಟ್ಟಿಗೆ ತುಂಬಿದೆ ಎಂಬ ಸೂಚನೆ ಬರತೊಡಗಿತು. ಅವರ ಸ್ವಂತ ಪತ್ರಗಳನ್ನು ಕೂಡ ಅಳಿಸಲಾಗದೆ ಹೋಯಿತು. ಪೆಟ್ಟಿಗೆ ತುಂಬಿದೆ, ಖಾಲಿ ಮಾಡಿ ಎನ್ನುತ್ತದೆ. ಖಾಲಿ ಮಾಡಹೋದರೆ ಜಾಗವಿಲ್ಲ ಎನ್ನುತ್ತದೆ.

ಆಗ ನಮ್ಮ ಯುವ ಸಂಘದ ಒಬ್ಬ ಹುಡುಗಿಯನ್ನು ಕರೆಸಿದೆ. ಮಂಗಳೂರಿನಲ್ಲಿ ಒಂದು ಸಂಸ್ಥೆಯ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಪತ್ರವನ್ನು ತೆರೆಯುವುದಿಲ್ಲ, ಹೊರಗಿನಿಂದಲೇ ನೋಡುತ್ತೇನೆ ಎಂದು ಅವಳಾಗಿಯೇ ಹೇಳಿದಳು. ಹತ್ತು ನಿಮಿಷ ನೋಡಿ, “ಫಾದರ್, ಇನ್ನು ಯಾರೂ ಡಿಲೀಟ್ ಒತ್ತುವುದು ಬೇಡ. ಎಲ್ಲರಿಗೂ ಫೋನ್ ಮಾಡಿ ಹೇಳಿಬಿಡಿ,” ಎಂದಳು. ಅದು ಯಾಕೆಂದು ಆಮೇಲೆ ವಿವರಿಸಿದಳು. ಅವಳು ಹೇಳಿಕೊಟ್ಟದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ. ಶಾಲೆ, ಸಂಘ, ಸೊಸೈಟಿಗಳಲ್ಲಿ ಜಂಟಿ ಮೇಲ್ ಬಳಸುವ ನಮ್ಮ ಓದುಗರಿಗೆ ಉಪಯೋಗವಾದೀತು.

ಸರ್ವರಿನಲ್ಲೇ ಪತ್ರಗಳನ್ನು ಇಟ್ಟು, ಹಲವು ಕಂಪ್ಯೂಟರುಗಳಿಂದ ನೋಡುವ ಪದ್ಧತಿಗೆ ಐಮ್ಯಾಪ್ ಎಂದು ಹೆಸರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು 1986ರಲ್ಲಿ ಇದನ್ನು ರೂಪಿಸಿದರು. 2003ರಲ್ಲಿ ಇದರ ಪ್ರಮುಖ ಆವೃತ್ತಿಯೂ 2021ರಲ್ಲಿ ಹೊಸ ಆವೃತ್ತಿಯೂ ಪ್ರಕಟವಾದವು. ಈ ಪದ್ಧತಿಯಲ್ಲಿ ಅಳಿಸುವುದು ಒಂದೇ ಕೆಲಸವಲ್ಲ, ಎರಡು ಕೆಲಸ. ಮೊದಲು ಪತ್ರಕ್ಕೆ ‘ಅಳಿಸತಕ್ಕದ್ದು’ ಎಂಬ ಗುರುತು ಬೀಳುತ್ತದೆ. ಆಮೇಲೆ ಎಕ್ಸ್‌ಪಂಜ್ ಎಂಬ ಇನ್ನೊಂದು ಆಜ್ಞೆ ಕೊಟ್ಟಾಗ, ಗುರುತು ಬಿದ್ದದ್ದೆಲ್ಲ ನಿಜವಾಗಿ ಹೋಗುತ್ತದೆ. ಕಸವನ್ನು ಗುಡಿಸಿ ಮೂಲೆಯಲ್ಲಿ ಕೂಡಿಡುವುದು ಒಂದು, ಎತ್ತಿ ಹೊರಗೆ ಹಾಕುವುದು ಇನ್ನೊಂದು. ಕೈತಪ್ಪಿ ಒತ್ತಿದರೆ ಹಿಂದೆ ಪಡೆಯಲು ಈ ನಡುವಿನ ಅವಕಾಶ ಉಪಯೋಗಕ್ಕೆ ಬರುತ್ತದೆ.

ಜಂಟಿ ಫೋಲ್ಡರಿನಲ್ಲಿ ಇದರ ಮೇಲೆ ಹಕ್ಕುಗಳ ಪ್ರಶ್ನೆಯೂ ಸೇರುತ್ತದೆ. ಓದಲು ಒಂದು ಹಕ್ಕು, ಹೊಸ ಪತ್ರ ಹಾಕಲು ಒಂದು, ಅಳಿಸುವ ಗುರುತು ಹಾಕಲು ಒಂದು, ಗುರುತು ಬಿದ್ದದ್ದನ್ನು ಹೊರಹಾಕಲು ಮತ್ತೊಂದು. 1997ರ ನಿಯಮದಲ್ಲಿ ಕೊನೆಯ ಎರಡೂ ಒಂದೇ ಅಕ್ಷರದಡಿ ಇದ್ದವು. 2005ರ ನಿಯಮದಲ್ಲಿ ಅವನ್ನು ಟಿ ಮತ್ತು ಇ ಎಂಬ ಬೇರೆ ಬೇರೆ ಅಕ್ಷರಗಳಾಗಿ ಮಾಡಿದರು. ಈ ಹಕ್ಕುಗಳನ್ನು ಹಂಚುವವರು ಫೋಲ್ಡರಿನ ಒಡೆಯರು. ನಮ್ಮ ಫೋಲ್ಡರಿನ ಒಡೆಯರು ಯಾರು ಎಂದು ನೋಡಿದರೆ, ಅದನ್ನು ಮೊದಲು ಮಾಡಿದ ಹಿಂದಿನ ಕಾರ್ಯದರ್ಶಿ. ಅವರು ಕೆಲಸಕ್ಕೆಂದು ಕುವೈತಿಗೆ ಹೋಗಿ ಎರಡು ವರ್ಷಗಳಾಗಿದ್ದವು! ಯಾರೂ ಕೈತಪ್ಪಿ ಮುಖ್ಯ ಪತ್ರ ಅಳಿಸಬಾರದು ಎಂದು ನಮ್ಮೆಲ್ಲರಿಗೂ ಓದುವ ಹಕ್ಕನ್ನು ಮಾತ್ರ ಕೊಟ್ಟು ಹೋಗಿದ್ದರು. ಎಚ್ಚರಿಕೆಯ ಕೆಲಸವೇ ಅದು. ಅಲ್ಲಿಯವರೆಗೆ ಏನನ್ನೂ ಅಳಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಪತ್ರ ಮಾಯವಾಗಿ ಮತ್ತೆ ಬರುತ್ತಿದ್ದುದರ ಗುಟ್ಟು ಇಷ್ಟೇ. ನಾವು ಒತ್ತಿದಾಗ ನಮ್ಮ ಕಂಪ್ಯೂಟರ್ ಅದನ್ನು ಪರದೆಯಿಂದ ತೆಗೆಯುತ್ತದೆ. ಸರ್ವರು, ನಿಮಗೆ ಹಕ್ಕಿಲ್ಲ ಎಂದು ನಿರಾಕರಿಸುತ್ತದೆ. ಮುಂದಿನ ಸಲ ಸರ್ವರಿನ ಪಟ್ಟಿಯನ್ನು ತಾಳೆ ನೋಡುವಾಗ ಪತ್ರ ಪುನಃ ಕಾಣಿಸುತ್ತದೆ.

ಆದರೆ ಡಿಲೀಟ್ ಒತ್ತಬೇಡಿ ಎಂದು ಅವಳು ತಡೆದದ್ದು ಬೇರೊಂದು ಕಾರಣಕ್ಕೆ. ನಮ್ಮ ಕಚೇರಿಯ ಹಳೆಯ ತಂತ್ರಾಂಶದಲ್ಲಿ ಡಿಲೀಟ್ ಎಂದರೆ, ಮೊದಲು ಪತ್ರದ ಒಂದು ಪ್ರತಿಯನ್ನು ಒತ್ತಿದವರ ಟ್ರ್ಯಾಶ್‌ನಲ್ಲಿ ಇಡುವುದು, ಆಮೇಲೆ ಮೂಲ ಪತ್ರಕ್ಕೆ ಅಳಿಸುವ ಗುರುತು ಹಾಕುವುದು. ಪ್ರತಿ ಮಾಡಲು ಓದುವ ಹಕ್ಕು ಸಾಕು, ಅದು ಎಲ್ಲರಿಗೂ ಇತ್ತು. ಗುರುತು ಹಾಕುವ ಹಕ್ಕು ಯಾರಿಗೂ ಇರಲಿಲ್ಲ. ಹೀಗಾಗಿ ಮೊದಲರ್ಧ ಕೆಲಸ ಪ್ರತಿ ಸಲವೂ ನಡೆಯುತ್ತಿತ್ತು, ಎರಡನೆಯ ಅರ್ಧ ಒಮ್ಮೆಯೂ ನಡೆಯುತ್ತಿರಲಿಲ್ಲ. ಸಹಾಯಕಿಯ ಟ್ರ್ಯಾಶ್‌ನಲ್ಲಿ 9 ಪ್ರತಿಗಳು, ಕಾರ್ಯದರ್ಶಿಯವರಲ್ಲಿ 3, ಸಿಸ್ಟರಲ್ಲಿ 2. ಅಳಿಸಬೇಕೆಂದು ಎಲ್ಲರೂ ಒಳ್ಳೆಯ ಮನಸ್ಸಿನಿಂದ ದುಡಿದದ್ದರ ಫಲವಾಗಿ ಒಂದು ಪತ್ರ 14 ಮರಿ ಹಾಕಿತ್ತು. ಸ್ಕ್ಯಾನ್ ಮಾಡಿದ ಕಾಗದಗಳಿದ್ದ ಕಾರಣ ಒಂದೊಂದು ಪ್ರತಿಯೂ 18 ಎಂಬಿ. ಹಬ್ಬದ ಫೋಟೊಗಳಿಂದ ಮೊದಲೇ ತುಂಬಿದ್ದ ಸಹಾಯಕಿಯ 500 ಎಂಬಿ ಪೆಟ್ಟಿಗೆ ಉಕ್ಕಿತು. ಪ್ರತಿ ಮಾಡಿ ಟ್ರ್ಯಾಶಿಗೆ ಹಾಕಲು ಜಾಗವಿಲ್ಲದ್ದರಿಂದ ಅಳಿಸುವುದೇ ನಿಂತುಹೋಯಿತು.

ಇದನ್ನು ಕೇಳಿದಾಗ ನನಗೆ ನಮ್ಮ ಊರುಗಳಲ್ಲಿ ಗುಟ್ಟು ಹರಡುವ ರೀತಿ ನೆನಪಾಯಿತು. “ಯಾರಿಗೂ ಹೇಳಬೇಡಿ, ಆ ಹುಡುಗಿಗೆ ಹೀಗಂತೆ, ಪಾಪ, ಸುದ್ದಿ ಹಬ್ಬಬಾರದು,” ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ. ಮಾತು ಮುಚ್ಚಲಿಕ್ಕಾಗಿಯೇ. ಆದರೆ ಮುಚ್ಚುವ ಮೊದಲು ಒಂದು ಪ್ರತಿ ಆಗಿಬಿಟ್ಟಿರುತ್ತದೆ. ಕೇಳಿದವರೂ ಅಷ್ಟೇ ಕಾಳಜಿಯಿಂದ ಮತ್ತೊಬ್ಬರಿಗೆ ಹೇಳುತ್ತಾರೆ. ಯಾರಲ್ಲೂ ಕೆಟ್ಟ ಮನಸ್ಸಿಲ್ಲ. ಆದರೂ ವಾಳೆಯ ಎಲ್ಲ ಮನೆಗಳಲ್ಲೂ ಒಂದೊಂದು ಪ್ರತಿ ಸೇರಿರುತ್ತದೆ.

ಮುಂದಿನ ಕೆಲಸ ಕ್ರಮವಾಗಿ ನಡೆಯಿತು. ಮೊದಲು ಐವರೂ ತಮ್ಮ ಕಂಪ್ಯೂಟರಿನ ತಂತ್ರಾಂಶವನ್ನು ಮುಚ್ಚಿದರು. ಅವಳು ಬ್ರೌಸರಿನಲ್ಲಿ ವೆಬ್‌ಮೇಲ್ ತೆರೆದು, ಸರ್ವರಿನಲ್ಲಿ ನಿಜವಾಗಿ ಏನಿದೆ ಎಂದು ನೋಡಿದಳು. ಪರದೆ ತೋರಿಸುವುದು ನೆರಳು, ಸರ್ವರಿನಲ್ಲಿರುವುದು ನಿಜ ಎಂಬುದು ಅವಳ ಮಾತು. ನಂತರ ಕುವೈತಿಗೆ ಫೋನ್ ಮಾಡಿದೆವು. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರ ಡ್ಯೂಟಿ ಮುಗಿಯುವ ತನಕ ಕಾದೆವು. ಅವರು ಕೂಡಲೇ ಸಹಾಯಕಿಗೆ ಅಳಿಸುವ ಹಕ್ಕನ್ನು ಕೊಟ್ಟರು. ಸಹಾಯಕಿಯ ಟ್ರ್ಯಾಶನ್ನು ಮೊದಲು ಖಾಲಿ ಮಾಡಿಸಿ, ಆಮೇಲೆ ಜಂಟಿ ಫೋಲ್ಡರಿನಲ್ಲಿ ಶಿಫ್ಟ್ ಗುಂಡಿಯನ್ನು ಹಿಡಿದುಕೊಂಡು ಡಿಲೀಟ್ ಒತ್ತಿಸಿದಳು. ಹಾಗೆ ಒತ್ತಿದರೆ ಪ್ರತಿ ಟ್ರ್ಯಾಶಿಗೆ ಹೋಗುವುದಿಲ್ಲ, ಜಾಗವೂ ಬೇಕಾಗುವುದಿಲ್ಲ.

ಪತ್ರ ಹೋಯಿತು ಎಂದುಕೊಂಡೆವು. ಆದರೆ ಕಾನ್ವೆಂಟಿನಿಂದ ಸಿಸ್ಟರ್ ಫೋನ್ ಮಾಡಿ, “ಫಾದರ್, ನನ್ನಲ್ಲಿ ಇನ್ನೂ ಉಂಟು. ಹೆಸರಿನ ಮೇಲೊಂದು ಗೆರೆ ಎಳೆದ ಹಾಗೆ ಕಾಣ್ತದೆ,” ಎಂದರು. ಟಿ ಹಕ್ಕು ಸಿಕ್ಕಿತ್ತು, ಇ ಹಕ್ಕು ಸಿಕ್ಕಿರಲಿಲ್ಲ. ಗುರುತು ಬಿದ್ದಿತ್ತು, ಹೊರಹಾಕುವುದು ಬಾಕಿ. ಗುರುತು ಬಿದ್ದ ಪತ್ರವನ್ನು ಕೆಲವು ತಂತ್ರಾಂಶಗಳು ಅಡಗಿಸುತ್ತವೆ, ಕೆಲವು ಗೆರೆ ಎಳೆದು ತೋರಿಸುತ್ತವೆ. ಆದ್ದರಿಂದ ಒಂದೇ ಪತ್ರ ಒಬ್ಬರಿಗೆ ಹೋದಂತೆ, ಇನ್ನೊಬ್ಬರಿಗೆ ಇದ್ದಂತೆ. ನನ್ನ ಪರದೆಯಲ್ಲಿ ಇಲ್ಲ ಎಂದಾಕ್ಷಣ ಲೋಕದಲ್ಲಿಯೇ ಇಲ್ಲ ಎನ್ನುವ ಹಾಗಿಲ್ಲ.

ಕುವೈತಿಗೆ ಎರಡನೆಯ ಫೋನ್ ಹೋಯಿತು. ಇ ಹಕ್ಕೂ ಬಂತು. ಇನ್ನೇನು ಎಕ್ಸ್‌ಪಂಜ್ ಮಾಡಬೇಕು, ಅಷ್ಟರಲ್ಲಿ ಅವಳು ಕೈ ತಡೆದು, ಗುರುತು ಬಿದ್ದಿರುವ ಪತ್ರಗಳೆಷ್ಟು ಎಂದು ಎಣಿಸಿದಳು. ಆ ಆಜ್ಞೆ ಒಂದು ಪತ್ರವನ್ನು ಮಾತ್ರ ಆರಿಸಿ ತೆಗೆಯುವುದಿಲ್ಲ. ಆ ಫೋಲ್ಡರಿನಲ್ಲಿ ಗುರುತು ಬಿದ್ದದ್ದನ್ನೆಲ್ಲ ತೆಗೆಯುತ್ತದೆ, ಗುರುತು ಹಾಕಿದವರು ಯಾರೇ ಇರಲಿ. ಎಣಿಸಿದರೆ ಮೂರಿದ್ದವು. ಅಳಿಸಲು ಬರುತ್ತದೆ ಎಂದು ಗೊತ್ತಾದ ಮೇಲೆ ಸಹಾಯಕಿ ಹಳೆಯ ಎರಡು ಪತ್ರಗಳನ್ನೂ ಸೇರಿಸಿದ್ದರು. ಒಂದು ಜಾಹೀರಾತು. ಇನ್ನೊಂದು ಬೇರೆ ಧರ್ಮಕೇಂದ್ರದ ಗುರುಗಳು ಕಳುಹಿಸಿದ ವಿವಾಹದ ಸೂಚನಾ ಪತ್ರ. ನಮ್ಮಲ್ಲಿ ಜ್ಞಾನಸ್ನಾನ ಪಡೆದ ಹುಡುಗನೊಬ್ಬನ ಮದುವೆ ಅಲ್ಲಿ ನೆರವೇರಿತ್ತು. ಹಾಗಾದಾಗ ಮದುವೆ ನಡೆದ ಕಡೆಯ ಗುರುಗಳು ಜ್ಞಾನಸ್ನಾನ ನಡೆದ ಧರ್ಮಕೇಂದ್ರಕ್ಕೆ ಬೇಗನೆ ತಿಳಿಸಬೇಕು ಎಂದು 1122ನೇ ವಿಧಿ ಹೇಳುತ್ತದೆ. ನಾವು ಅದನ್ನು ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿ ಬರೆಯಬೇಕು. ಇನ್ನೂ ಬರೆದಿರಲಿಲ್ಲ. ಎಂದಿಗೂ ಉಳಿಯಬೇಕಾದ ಬಗೆಯ ಕಾಗದ, ಇಲ್ಲವಾಗಬೇಕಾದ ಕಾಗದದ ಜೊತೆಗೆ ಹೊರಟುಹೋಗುವುದರಲ್ಲಿತ್ತು. ಅದರ ಗುರುತನ್ನು ತೆಗೆದು, ಮುದ್ರಿಸಿಕೊಂಡು, ಆ ಮೇಲೆ ಎಕ್ಸ್‌ಪಂಜ್ ಮಾಡಿದೆವು. ಸಿಸ್ಟರ್ ಕಂಪ್ಯೂಟರಿನಲ್ಲೂ ಗೆರೆಯ ಸಮೇತ ಪತ್ರ ಹೋಯಿತು.

ಅಲ್ಲಿಗೂ ಮುಗಿಯಲಿಲ್ಲ. ಉಳಿದ ಇಬ್ಬರ ಟ್ರ್ಯಾಶ್ ಖಾಲಿಯಾಗಬೇಕಿತ್ತು. ವಿನ್ಸೆಂಟ್ ಪೌಲ್ ಸಭೆಯ ಅಧ್ಯಕ್ಷರು ಸಹಾಯದ ಮೊತ್ತ ನಿರ್ಧರಿಸಲು ವರದಿಯನ್ನು ಫೋನಿನಲ್ಲಿ ತೆರೆದಿದ್ದರು. ಅದು ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿದಿತ್ತು. ಸಭಾಭವನದ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದು ಪಾಪ್ ಎಂಬ ಇನ್ನೊಂದು ಪದ್ಧತಿಯಲ್ಲಿ, ಧರ್ಮಕೇಂದ್ರದ ವಿಳಾಸಕ್ಕೆ ಬಂದ ಪತ್ರಗಳನ್ನೆಲ್ಲ ತನ್ನೊಳಗೆ ಇಳಿಸಿಕೊಂಡು ಇಟ್ಟುಕೊಳ್ಳುತ್ತಿತ್ತು. ಸರ್ವರಿನಲ್ಲಿ ಅಳಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅಲ್ಲಿಯದನ್ನೂ ತೆಗೆದೆವು. ಕೊನೆಗೆ ಮೇಲ್ ಸೇವೆ ಕೊಡುವವರನ್ನು ವಿಚಾರಿಸಿದಾಗ, ಅವರ ಬ್ಯಾಕಪ್ಪಿನಲ್ಲಿ 30 ದಿನ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ ಎಂದರು. ದಿನಚರಿ ಪುಸ್ತಕದಲ್ಲಿ ಆ ತಾರೀಖನ್ನು ಗುರುತು ಹಾಕಿಕೊಂಡು, ಆ ದಿನ ಪುನಃ ವಿಚಾರಿಸಿ ಖಚಿತಪಡಿಸಿಕೊಂಡು, ಅನಂತರವೇ ತಂದೆಗೆ “ಈಗ ಎಲ್ಲಿಯೂ ಇಲ್ಲ,” ಎಂದು ಹೇಳಿದೆ. ಅದಕ್ಕೆ ಮೊದಲು ಪ್ರತಿ ವಾರ ಅವರಿಗೆ ಹೇಳಿದ್ದು, “ಇಷ್ಟು ಕಡೆಯಿಂದ ತೆಗೆದಿದ್ದೇವೆ, ಇಷ್ಟು ಕಡೆ ಬಾಕಿ ಇದೆ,” ಎಂದು ಮಾತ್ರ. ಅವರಿಗೆ ಅದರಿಂದಲೇ ಹೆಚ್ಚು ಸಮಾಧಾನವಾಯಿತು ಎಂದು ಆಮೇಲೆ ಹೇಳಿದರು.

ದೊಡ್ಡ ಶಾಲೆ, ಆಸ್ಪತ್ರೆಗಳಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಮತ್ತು ಔಟ್‌ಲುಕ್ ಬಳಸುವವರಿಗೂ ಒಂದು ಮಾತು. ಅಲ್ಲಿ ಜಂಟಿ ಫೋಲ್ಡರಿನ ಹಕ್ಕುಗಳನ್ನು ದರ್ಜೆಗಳಾಗಿ ವಿಂಗಡಿಸಿರುತ್ತಾರೆ. ‘ಆಥರ್’ ದರ್ಜೆಯವರು ತಾವು ಹಾಕಿದ್ದನ್ನು ಮಾತ್ರ ಅಳಿಸಬಲ್ಲರು. ‘ಎಡಿಟರ್’ ದರ್ಜೆಯವರು ಯಾರದನ್ನಾದರೂ ಅಳಿಸಬಲ್ಲರು. ಇನ್ನೊಬ್ಬರ ಪೆಟ್ಟಿಗೆಯಲ್ಲಿ ನೀವು ಅಳಿಸಿದ ಪತ್ರ, ವ್ಯವಸ್ಥೆಯನ್ನು ಬದಲಿಸದಿದ್ದರೆ, ನಿಮ್ಮದೇ ಅಳಿಸಿದ ಪತ್ರಗಳ ಫೋಲ್ಡರಿಗೆ ಬಂದು ಬೀಳುತ್ತದೆ. ಅಲ್ಲಿಂದಲೂ ತೆಗೆದ ಮೇಲೆ ಸಾಮಾನ್ಯವಾಗಿ 14 ದಿನ ಅದನ್ನು ಮರಳಿ ಪಡೆಯಲು ಸಾಧ್ಯ. ಎಲ್ಲ ಕಡೆಯೂ ನೋಡಬೇಕಾದ ಪ್ರಶ್ನೆಗಳು ಇವೇ: ಒಡೆಯರು ಯಾರು, ನನಗಿರುವ ಹಕ್ಕು ಯಾವುದು, ಪ್ರತಿ ಎಲ್ಲಿಗೆ ಹೋಯಿತು, ಜಾಗ ಇದೆಯೇ, ಇನ್ನೆಲ್ಲೆಲ್ಲಿ ಇಳಿದಿದೆ.

ಕೆಲವರು ನನ್ನನ್ನು ಕೇಳಿದರು: “ಫಾದರ್, ಇಷ್ಟೆಲ್ಲ ಕಷ್ಟಪಟ್ಟದ್ದು ಒಂದು ಕಾಯಿಲೆಯನ್ನು ಮುಚ್ಚಿಡುವುದಕ್ಕೇ? ಮದುವೆಯಾಗುವ ಹುಡುಗನಿಗೆ ತಿಳಿಯಬೇಡವೇ?” ಪ್ರಶ್ನೆ ಸರಿಯಾದದ್ದೇ. ತಿಳಿಯಲೇಬೇಕು. ಮದುವೆಗೆ ಮುಂಚಿನ ತರಬೇತಿಯಲ್ಲಿ ನಾವೇ ಅದನ್ನು ಒತ್ತಿ ಹೇಳುತ್ತೇವೆ. ಆದರೆ ಅದನ್ನು ಹೇಳಬೇಕಾದವಳು ಅವಳು. ಯಾವಾಗ, ಯಾರಿಗೆ, ಯಾವ ಮಾತಿನಲ್ಲಿ ಎಂಬುದೂ ಅವಳಿಗೆ ಸೇರಿದ್ದು. ಸತ್ಯ ಎಲ್ಲರಿಗೂ ಸೇರಿದ್ದಿರಬಹುದು. ಇನ್ನೊಬ್ಬರ ಸತ್ಯವನ್ನು ಹೇಳಿಬಿಡುವ ಹಕ್ಕು ಎಲ್ಲರಿಗೂ ಸೇರಿದ್ದಲ್ಲ. ಮತ್ತಾಯನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಸಂತ ಜೋಸೆಫರನ್ನು ನೋಡಿ. ಮರಿಯಳ ವಿಷಯ ತಿಳಿದಾಗ, ಅವರಿಗಿನ್ನೂ ದೇವದೂತನ ಸಂದೇಶ ಬಂದಿರಲಿಲ್ಲ. ಆಗಲೂ ನಾಲ್ಕು ಜನರ ಮುಂದೆ ಆಕೆಗೆ ಅವಮಾನವಾಗಬಾರದು ಎಂದು ಗುಟ್ಟಾಗಿಯೇ ಬೇರೆಯಾಗಲು ಯೋಚಿಸಿದರು. ಶುಭಸಂದೇಶ ಅವರನ್ನು ನೀತಿವಂತರೆಂದು ಕರೆಯುವುದು ಅದೇ ಜಾಗದಲ್ಲಿ.

ಆ ಹುಡುಗಿ ಮುಂದೆ ತಾನೇ ಹುಡುಗನಿಗೆ ಎಲ್ಲವನ್ನೂ ಹೇಳಿದಳು. ಹುಡುಗ ಏನೆಂದ, ಮದುವೆ ಆಯಿತೇ ಇಲ್ಲವೇ ಎಂಬುದು ಆ ಎರಡು ಮನೆಗಳಿಗೆ ಸೇರಿದ ವಿಷಯ. ನಾನು ಬರೆಯುವುದಿಲ್ಲ.

ಸಿಸ್ಟರ್ ಅವಳ ಮನೆಗೆ ಹೋಗಿ ಬಂದರು. ಕ್ಷಮೆ ಕೇಳಿದರೋ, ಸುಮ್ಮನೆ ಕುಳಿತು ಚಾ ಕುಡಿದು ಬಂದರೋ ನಾನು ವಿಚಾರಿಸಿಲ್ಲ. ಮುಂದಿನ ಭಾನುವಾರ ಇಬ್ಬರೂ ಅಂಗಳದಲ್ಲಿ ನಗುತ್ತಾ ಮಾತಾಡುತ್ತಿದ್ದುದನ್ನು ಕಂಡೆ.

ಈಗ ಅಲ್ಲಿಯ ವ್ಯವಸ್ಥೆ ಬದಲಾಗಿದೆ. ಎರಡು ವಿಳಾಸಗಳಿವೆ. ಒಂದು ಕಚೇರಿಯದು, ಅದನ್ನು ಇಂತಿಂಥವರು ಓದುತ್ತಾರೆ ಎಂದು ಪ್ರಕಟಣೆ ಹಾಳೆಯಲ್ಲೇ ಅಚ್ಚಾಗಿದೆ. ಇನ್ನೊಂದು ಧರ್ಮಕೇಂದ್ರದ ಗುರುಗಳದು ಮಾತ್ರ. ಜಂಟಿ ಫೋಲ್ಡರಿನ ಒಡೆತನ ವ್ಯಕ್ತಿಯ ಹೆಸರಿನಲ್ಲಿಲ್ಲ, ಕಚೇರಿಯ ಹೆಸರಿನಲ್ಲಿದೆ. ಜವಾಬ್ದಾರಿ ಬದಲಾದಾಗ ದಾಖಲೆ ಪುಸ್ತಕ, ಬೀಗದ ಕೈಗಳ ಜೊತೆಗೆ ಅದರ ಪಾಸ್‌ವರ್ಡ್ ಕೂಡ ಹಸ್ತಾಂತರವಾಗುತ್ತದೆ. ಅಳಿಸುವ ಎರಡೂ ಹಕ್ಕುಗಳು ಇಬ್ಬರಿಗೆ ಮಾತ್ರ. ವಿನ್ಸೆಂಟ್ ಪೌಲ್ ಸಭೆಗೆ ಸಹಾಯದ ಅರ್ಜಿ ಕೊಡುವವರು ಆಸ್ಪತ್ರೆಯ ಕಾಗದವನ್ನು ಮೇಲ್ ಮಾಡಬೇಕಾಗಿಲ್ಲ. ತಂದು ತೋರಿಸಿ ಹಿಂದೆ ತೆಗೆದುಕೊಂಡು ಹೋಗುತ್ತಾರೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಂ ಮತ್ತು ಗೆಳೆಯರು ಈ ಸಭೆಯನ್ನು ಆರಂಭಿಸಿದಾಗಿನಿಂದ ಬಡವರ ಮನೆಗೆ ತಾವೇ ಹೋಗಿ ಕಾಣುವುದು ಅದರ ಪದ್ಧತಿ. ಕುಳಿತ ಮನೆಯಲ್ಲಿ ಕೇಳಿದ ಮಾತಿಗೆ ಟ್ರ್ಯಾಶ್ ಬೇಕಾಗುವುದಿಲ್ಲ.

ನಮ್ಮ ಓದುಗರಲ್ಲಿ ಒಂದು ವಿನಂತಿ. ಪಾಪನಿವೇದನೆಯಲ್ಲಿ ಹೇಳಬೇಕಾದದ್ದನ್ನು ಯಾವ ಗುರುಗಳಿಗೂ ಮೇಲಿನಲ್ಲಿ ಬರೆಯಬೇಡಿ. ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಒಡೆಯುವಂತಿಲ್ಲ ಎಂದು 983ನೇ ವಿಧಿ ಗುರುಗಳನ್ನು ಕಟ್ಟಿಹಾಕಿದೆ. ಧರ್ಮಕೇಂದ್ರದಲ್ಲಿ ಯಾವ ಕಡತವನ್ನೂ ಇಡದ, ಯಾವ ಪ್ರತಿಯನ್ನೂ ಮಾಡದ ಜಾಗ ಅದೊಂದೇ. ಉಳಿದ ಗುಟ್ಟಿನ ಮಾತಿದ್ದರೆ ಬಂದು ಹೇಳಿ. ಬರಲಾಗದಿದ್ದರೆ ಫೋನ್ ಮಾಡಿ, ನಾವೇ ಬರುತ್ತೇವೆ. ನಿಮ್ಮ ಮನೆಯ ವಾಟ್ಸಪ್ ಗುಂಪಿನಲ್ಲಿ ಯಾರದೋ ಆಸ್ಪತ್ರೆಯ ಚೀಟಿ ಬಂದರೆ, ಪ್ರಾರ್ಥನೆಗಾಗಿ ಎಂದು ಇನ್ನೊಂದು ಗುಂಪಿಗೆ ದಾಟಿಸುವ ಮೊದಲು ಒಂದು ಸಲ ಅವರನ್ನು ಕೇಳಿ. ಹೆಸರು ಹೇಳದೆಯೂ ಪ್ರಾರ್ಥಿಸಬಹುದು. ದೇವರಿಗೆ ವಿಳಾಸ ಗೊತ್ತಿದೆ.

ವಿಭೂತಿ ಬುಧವಾರಕ್ಕೆ ಮೊದಲು, ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮನೆಗೆ ಕೊಂಡೊಯ್ದ ಒಣ ಗರಿಗಳನ್ನು ನೀವು ಚರ್ಚಿಗೆ ತರುತ್ತೀರಿ. ಅವನ್ನು ಸುಟ್ಟು ಬೂದಿ ಮಾಡುತ್ತೇವೆ. ಅದೇ ವಾರ ಜಂಟಿ ಫೋಲ್ಡರನ್ನು ಸ್ವಚ್ಛ ಮಾಡುವುದು ಆ ಧರ್ಮಕೇಂದ್ರದಲ್ಲಿ ಈಗ ರೂಢಿಯಾಗಿದೆ. ಇಬ್ಬರು ಜೊತೆಯಾಗಿ ಕುಳಿತು, ಉಳಿಯಬೇಕಾದದ್ದನ್ನು ಮುದ್ರಿಸಿ ಪುಸ್ತಕಕ್ಕೆ ಸೇರಿಸಿ, ಹೋಗಬೇಕಾದದ್ದಕ್ಕೆ ಗುರುತು ಹಾಕಿ, ಎಣಿಸಿ, ಆಮೇಲೆ ಹೊರಹಾಕುತ್ತಾರೆ. ಒಂದು ಮಧ್ಯಾಹ್ನದ ಕೆಲಸ. ನಿಮ್ಮ ಸಂಘದಲ್ಲೂ, ನಿಮ್ಮ ಶಾಲೆಯಲ್ಲೂ ಈ ತಪಸ್ಸು ಕಾಲಕ್ಕೆ ಮೊದಲು ಒಮ್ಮೆ ಮಾಡಿ ನೋಡಿ.